ಚಿತ್ರಹಸುಗೆಯಿಂದ ಮಾತೃಕಾ ಅಪವರ್ತನದವರೆಗೆ: ಕರ್ನಾಟಕದ ಗಣಿತೇತಿಹಾಸದಲ್ಲಿ ವಿಭಜನೆಯ ಪರಿಕಲ್ಪನೆ

ಇಂದಿನ ಯಲಬುರ್ಗಾ ಶಾಸನಗಳ ಎರಂಬರಗೆ. ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿದ್ದ ಸಿಂದ ಮನೆತನದ ಒಂದು ಶಾಖೆ ಇದನ್ನು ರಾಜಧಾನಿಯಾಗಿ ಮಾಡಿಕೊಂಡು ಹನ್ನೆರಡನೆಯ ಶತಮಾನದಲ್ಲಿ ಆಳುತ್ತಿತ್ತು. ಆ ಸಿಂದರ ಆಳ್ವಿಕೆಗೆ ಒಳಪಟ್ಟ ನಾಡುಗಳ ಹೆಸರುಗಳು ಶಾಸನಗಳಲ್ಲಿ ಸಂಖ್ಯೆಗಳೊಂದಿಗೆ ಬರುತ್ತವೆ: ಕಿಸುಕಾಡು ಎಪ್ಪತ್ತು, ಬಾಗಡಗೆ ಎಪ್ಪತ್ತು, ಕೆಲವಾಡಿ ಮುನ್ನೂರು, ನರೆಯಂಗಲ್ಲು ಹನ್ನೆರಡು. ಈ ಅಂಕಿಗಳು ಗ್ರಾಮಸಂಖ್ಯೆಯನ್ನು ಸೂಚಿಸುತ್ತವೆಯೋ ಕಂದಾಯದ ಪ್ರಮಾಣವನ್ನೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಬಹುಕಾಲದಿಂದ ಚರ್ಚೆ ನಡೆದಿದೆ. ಯಾವುದೇ ಅರ್ಥವನ್ನು ಒಪ್ಪಿದರೂ ಒಂದು ಮಾತು ಸ್ಪಷ್ಟ: ನಾಡೊಂದನ್ನು ತಿಳಿಯುವುದೆಂದರೆ ಅದು ಎಷ್ಟು ಭಾಗಗಳಿಂದ ಕೂಡಿದೆ ಎಂಬುದನ್ನು ತಿಳಿಯುವುದೇ ಆಗಿತ್ತು. ಭಾಗ ಮಾಡುವ ಈ ಕ್ರಿಯೆಗೆ ಹಳಗನ್ನಡದಲ್ಲಿ ಪಸುಗೆ ಎಂಬ ಶಬ್ದವಿದೆ. ಅದೇ ಮುಂದೆ ಹಸುಗೆಯಾಯಿತು. ಪಾಲು, ಹಂಚಿಕೆ, ವಿಭಜನೆ ಎಂಬ ಮೂರು ಅರ್ಥಗಳೂ ಅದರಲ್ಲಿ ಅಡಗಿವೆ.

ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯುತ್ತದೆ. ಇದಾದ ಎರಡು ವರ್ಷಗಳಲ್ಲಿ, 1114ರಲ್ಲಿ, ಭಾಸ್ಕರಾಚಾರ್ಯನ ಜನನವಾಯಿತು. ಕನ್ನಡದಲ್ಲಿ ಗಣಿತಗ್ರಂಥಗಳನ್ನು ಬರೆದ ರಾಜಾದಿತ್ಯನೂ ಅದೇ ಶತಮಾನದವನು. ಕಲ್ಲು, ನೆಲ ಮತ್ತು ಸಂಖ್ಯೆ ಈ ಮೂರರಲ್ಲಿಯೂ ಅಳತೆಯ ಶಿಸ್ತು ಬೇರೂರಿದ್ದ ಕಾಲವದು. ಬೀಜರೇಖಾಗಣಿತದಲ್ಲಿ ಮಾತೃಕಾ ಅಪವರ್ತನಗಳು ಹಾಗೂ ಅವುಗಳ ಪ್ರವರ್ಗಗಳ ವಿಭಜನೆ ಎಂಬ ಇಂದಿನ ಅತ್ಯಂತ ಅಮೂರ್ತ ವಿಷಯವೊಂದರ ಇತಿಹಾಸವನ್ನು ಕರ್ನಾಟಕದ ನೆಲೆಯಿಂದ ಪರಿಶೀಲಿಸುವುದಕ್ಕೆ ಈ ಹಿನ್ನೆಲೆಯಿಂದ ಹೊರಡುವುದು ಉಚಿತ. ಏಕೆಂದರೆ ಆ ವಿಷಯದ ಒಂದು ಪ್ರಮುಖ ಅಧ್ಯಾಯ ಇಪ್ಪತ್ತೊಂದನೆಯ ಶತಮಾನದ ಬೆಂಗಳೂರಿನಲ್ಲಿ ಬರೆಯಲ್ಪಟ್ಟಿತು.

ವಿಭಜನೆಯ ಗಣಿತಕ್ಕೆ ಈ ನಾಡಿನಲ್ಲಿ ದೊರೆಯುವ ಮೊದಲ ಮಹತ್ವದ ಆಧಾರ ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಗ್ರಂಥಾರಂಭದಲ್ಲಿಯೇ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿಯಿರುವುದರಿಂದ ಅದರ ಕಾಲ ಸುಮಾರು 850 ಎಂದು ನಿರ್ಧಾರವಾಗಿದೆ. ಕನ್ನಡ ನಾಡಿನ ತಿರುಳನ್ನು ಗುರುತಿಸುವಾಗ ಕೊಪಣನಗರವನ್ನು ಹೆಸರಿಸುವ ಕವಿರಾಜಮಾರ್ಗವೂ ಅದೇ ಆಸ್ಥಾನದ ಕೃತಿ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದ ಹೊರಬಂದಿತು. ಭಿನ್ನರಾಶಿಗಳನ್ನು ಕುರಿತ ಕಲಾಸವರ್ಣ ಪ್ರಕರಣದಲ್ಲಿ ಮಹಾವೀರನು ಒಂದು ಎಂಬ ಪೂರ್ಣವನ್ನು ಏಕಾಂಶ ಭಿನ್ನರಾಶಿಗಳ ಮೊತ್ತವಾಗಿ, ಬೇಕಾದಷ್ಟು ಭಾಗಗಳಲ್ಲಿ, ಒಡೆಯುವ ನಿಯಮವನ್ನು ಹೇಳುತ್ತಾನೆ. ಮೊದಲ ಭಾಗ ಅರ್ಧ. ಮುಂದಿನವು ಮೂರರಲ್ಲೊಂದು, ಒಂಬತ್ತರಲ್ಲೊಂದು ಎಂದು ಮೂರರ ಘಾತಗಳಲ್ಲಿ ಇಳಿಯುತ್ತವೆ. ಕೊನೆಯ ಛೇದವನ್ನು ಮಾತ್ರ ಮೂರನೆಯ ಎರಡು ಪಾಲಿಗೆ ತಗ್ಗಿಸಬೇಕು. ಮೂರು ಭಾಗಗಳಾದರೆ 1/2, 1/3, 1/6. ನಾಲ್ಕಾದರೆ 1/2, 1/3, 1/9, 1/18. ಕೊನೆಯ ಉದಾಹರಣೆಯನ್ನು ಹದಿನೆಂಟರ ಛೇದಕ್ಕೆ ತಂದರೆ 9, 6, 2, 1 ಎಂಬ ಅಂಶಗಳು ಕೂಡಿ 18 ಆಗುತ್ತವೆ; ಉಳಿಕೆಯೇ ಇಲ್ಲ. ಪೂರ್ಣವನ್ನು ಒಡೆದಾಗ ಭಾಗಗಳು ತಿರುಗಿ ಪೂರ್ಣವನ್ನು ತುಂಬುತ್ತವೆಯೇ, ಏನಾದರೂ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಇಲ್ಲಿ ನೆನಪಿನಲ್ಲಿಡಬೇಕು. ಹನ್ನೊಂದು ಶತಮಾನಗಳ ಅನಂತರ ಅದು ಬೇರೊಂದು ವೇಷದಲ್ಲಿ ಎದುರಾಗುತ್ತದೆ.

ರಾಜಾದಿತ್ಯನ ಹೆಸರಿನಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಜೈನಗಣಿತ ಸೂತ್ರಟೀಕೋದಾಹರಣ ಎಂಬ ಕೃತಿಗಳೊಂದಿಗೆ ಚಿತ್ರಹಸುಗೆ ಎಂಬ ಕೃತಿಯೂ ದಾಖಲಾಗಿದೆ. ಸಂಸ್ಕೃತದಲ್ಲಿ ಭಾಗಹಾರ, ವಿಭಾಗ ಮುಂತಾದ ಪದಗಳು ಕೈಗೆ ಸಿಗುವಂತಿದ್ದರೂ ಗ್ರಂಥದ ಶೀರ್ಷಿಕೆಯಲ್ಲಿ ಕನ್ನಡದ ಹಸುಗೆಯೇ ಬಂದಿರುವುದು ಗಮನಾರ್ಹ. ಶಾಸ್ತ್ರದ ಮಾತನ್ನು ಹೊಲದ ಮಾತಿನಲ್ಲಿ ಹೇಳುವ ಧೈರ್ಯ ಆ ಕಾಲಕ್ಕಿತ್ತು. ಇಂದಿನ ಉನ್ನತ ಗಣಿತಕ್ಕೆ ಕನ್ನಡದಲ್ಲಿ ಸ್ಥಿರವಾದ ಪರಿಭಾಷೆಯೇ ಇಲ್ಲದಿರುವಾಗ ಈ ಶೀರ್ಷಿಕೆಯನ್ನು ಬರಿಯ ಕುತೂಹಲದ ಸಂಗತಿಯೆಂದು ತಳ್ಳಿಹಾಕಲಾಗದು.

ಭಾಸ್ಕರಾಚಾರ್ಯನ ಊರಿನ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಸಹ್ಯಪರ್ವತದ ಆಶ್ರಯದಲ್ಲಿರುವ ವಿಜ್ಜಡವಿಡ ತನ್ನ ಊರು ಎಂದು ಅವನೇ ಹೇಳಿಕೊಂಡಿದ್ದಾನೆ. ಕನ್ನಡದ ಪಠ್ಯಪುಸ್ತಕಗಳು ಇದನ್ನು ವಿಜಾಪುರವೆಂದೇ ಬಹುಕಾಲ ಹೇಳಿಕೊಂಡು ಬಂದವು. ಆದರೆ ಅವನ ಮೊಮ್ಮಗ ಚಾಂಗದೇವನು ಭಾಸ್ಕರನ ಗ್ರಂಥಗಳ ಅಧ್ಯಯನಕ್ಕಾಗಿ ಮಠವೊಂದನ್ನು ಸ್ಥಾಪಿಸಿದ ವಿಷಯವನ್ನು ತಿಳಿಸುವ 1207ರ ಶಾಸನ ದೊರೆತಿರುವುದು ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ. ವಿಜಾಪುರ ಸಹ್ಯಾದ್ರಿಯಿಂದ ದೂರವಿರುವುದನ್ನು ಗಮನಿಸಿದರೆ ಶಾಸನದ ಪಕ್ಷವೇ ಬಲವಾದುದು. ಅಭಿಮಾನಕ್ಕಾಗಿ ಆಧಾರವನ್ನು ಬದಿಗಿಡುವುದು ಸಂಶೋಧನೆಗೆ ತಕ್ಕುದಲ್ಲ. ಅವನ ಗಣಿತ ದಖ್ಖಣದ ಗಣಿತ ಎಂಬಷ್ಟು ಮಾತ್ರ ನಿರ್ವಿವಾದ.

1150ರಲ್ಲಿ ರಚಿತವಾದ ಸಿದ್ಧಾಂತಶಿರೋಮಣಿಯ ಬೀಜಗಣಿತ ಭಾಗದಲ್ಲಿ ಭಾಸ್ಕರನು ವರ್ಗಪ್ರಕೃತಿಯನ್ನು ವಿಸ್ತಾರವಾಗಿ ವಿವೇಚಿಸಿದ್ದಾನೆ. ಕ ಮತ್ತು ಚ ಎಂಬ ಎರಡು ಪೂರ್ಣಾಂಕಗಳಿವೆಯೆಂದೂ ನ ಎಂಬುದು ವರ್ಗಸಂಖ್ಯೆಯಲ್ಲದ ಒಂದು ಗುಣಕವೆಂದೂ ಇಟ್ಟುಕೊಂಡರೆ, ಕ-ವರ್ಗದಲ್ಲಿ ಚ-ವರ್ಗದ ನ-ಪಟ್ಟನ್ನು ಕಳೆದಾಗ ಒಂದು ಉಳಿಯಬೇಕು ಎಂಬುದು ಇಲ್ಲಿಯ ಸಮಸ್ಯೆ. 628ರಲ್ಲಿ ಬ್ರಹ್ಮಗುಪ್ತನು ಇದಕ್ಕೆ ಭಾವನೆ ಎಂಬ ಸಾಧನವನ್ನು ಕೊಟ್ಟಿದ್ದನು. ಎರಡು ಪರಿಹಾರಗಳು ತಿಳಿದಿದ್ದರೆ ಅವುಗಳಿಂದ ಮೂರನೆಯದನ್ನು ಹುಟ್ಟಿಸಬಹುದು: ಮೊದಲ ಜೋಡಿಯ ಕ ಮತ್ತು ಎರಡನೆಯ ಜೋಡಿಯ ಕ ಇವುಗಳ ಗುಣಲಬ್ಧಕ್ಕೆ ಎರಡೂ ಚಗಳ ಗುಣಲಬ್ಧದ ನ-ಪಟ್ಟನ್ನು ಕೂಡಿದರೆ ಹೊಸ ಕ, ವಜ್ರಾಕಾರವಾಗಿ, ಅಂದರೆ ಅಡ್ಡಡ್ಡವಾಗಿ, ಗುಣಿಸಿ ಕೂಡಿದರೆ ಹೊಸ ಚ. ನ ಎಂಬುದು 2 ಆದಾಗ 3 ಮತ್ತು 2 ಒಂದು ಪರಿಹಾರ. ಅದನ್ನು ಅದರೊಂದಿಗೇ ಭಾವಿಸಿದರೆ 17 ಮತ್ತು 12 ಬರುತ್ತವೆ. 289ರಲ್ಲಿ 288 ಕಳೆದರೆ ಒಂದೇ ಉಳಿಯುತ್ತದೆ. ಭಾವನೆಗೆ ಚಕ್ರವಾಲ ವಿಧಾನವನ್ನು ಜೋಡಿಸಿ ಭಾಸ್ಕರನು ನ 61 ಆದಾಗಿನ ಕಠಿಣ ಸಮಸ್ಯೆಯನ್ನು ಬಿಡಿಸಿ 1766319049 ಮತ್ತು 226153980 ಎಂಬ ಉತ್ತರವನ್ನು ಕೊಟ್ಟನು. ಚಕ್ರವಾಲದ ಕರ್ತೃತ್ವ ಅವನೊಬ್ಬನದಲ್ಲ; 1073ಕ್ಕಿಂತ ಹಿಂದಿನವನಾದ ಜಯದೇವನ ಶ್ಲೋಕಗಳಲ್ಲಿಯೇ ಅದು ದೊರೆಯುತ್ತದೆ.

ಇದೇ ಭಾವನೆಯನ್ನು ಇಂದಿನ ಮಾತೃಕೆಗಳ ಭಾಷೆಯಲ್ಲಿ ಬರೆದರೆ ಅದರ ಒಳರಚನೆ ಎದ್ದು ಕಾಣುತ್ತದೆ. ಎರಡು ಸಾಲು, ಎರಡು ಕಂಬಗಳ ಒಂದು ಮಾತೃಕೆ. ಮೊದಲ ಸಾಲಿನಲ್ಲಿ ಕ ಮತ್ತು ಚದ ನ-ಪಟ್ಟು, ಎರಡನೆಯ ಸಾಲಿನಲ್ಲಿ ಚ ಮತ್ತು ಕ. ಇಂಥ ಎರಡು ಮಾತೃಕೆಗಳನ್ನು ಗುಣಿಸಿದರೆ ಬ್ರಹ್ಮಗುಪ್ತನ ನಿಯಮ ಯಥಾವತ್ತಾಗಿ ಬರುತ್ತದೆ. ಅದೇ ಮಾತೃಕೆಯಲ್ಲಿ ಚ ಇರುವ ಎರಡೂ ಕಡೆ ಚಿಹ್ನೆಯನ್ನು ಬದಲಿಸಿ ಇನ್ನೊಂದು ಮಾತೃಕೆಯನ್ನು ಮಾಡಿ, ಈ ಎರಡನ್ನು ಗುಣಿಸಿದರೆ ಕರ್ಣದ ಎರಡೂ ಮನೆಗಳಲ್ಲಿ ಆ ವರ್ಗಪ್ರಕೃತಿಯ ರಾಶಿಯೇ ನಿಲ್ಲುತ್ತದೆ, ಉಳಿದ ಎರಡು ಮನೆಗಳಲ್ಲಿ ಸೊನ್ನೆ. ಸಾಮಾನ್ಯ ಸಂಖ್ಯೆಗಳ ಮಿತಿಯಲ್ಲಿ ಅಪವರ್ತನಗಳಾಗಿ ಒಡೆಯದ ಒಂದು ಬಹುಪದೋಕ್ತಿ ಮಾತೃಕೆಗಳ ಮಟ್ಟದಲ್ಲಿ ಒಡೆಯಿತು. ಮಾತೃಕಾ ಅಪವರ್ತನ ಎಂದರೆ ಇಷ್ಟೇ: ಗುಣಿಸಿದಾಗ ಕೊಟ್ಟ ಬಹುಪದೋಕ್ತಿಯನ್ನು ಕರ್ಣದುದ್ದಕ್ಕೂ ಕೊಡುವ ಒಂದು ಜೊತೆ ಮಾತೃಕೆಗಳು. ಇಂಥ ಜೊತೆಗಳನ್ನು ಸ್ವತಂತ್ರ ವಸ್ತುಗಳೆಂದು ಭಾವಿಸಿ ಅವುಗಳ ವ್ಯವಸ್ಥಿತ ಅಧ್ಯಯನವನ್ನು ಆರಂಭಿಸಿದವನು ಅಮೆರಿಕದ ಡೇವಿಡ್ ಐಸನ್‌ಬಡ್. ಆ ಲೇಖನ 1980ರದು. ಅದಕ್ಕೆ ಅರ್ಧ ಶತಮಾನ ಮೊದಲು, 1928ರಲ್ಲಿ, ಪಾಲ್ ಡಿರಾಕ್ ಎಲೆಕ್ಟ್ರಾನಿನ ಸಮೀಕರಣವನ್ನು ಕಂಡುಕೊಂಡದ್ದೂ ಒಂದು ವರ್ಗರೂಪದ ರಾಶಿಯನ್ನು ಮಾತೃಕೆಗಳ ಮೂಲಕ ಒಡೆದೇ.

ಇನ್ನೂ ಒಂದು ಹೆಜ್ಜೆಯಿದೆ. ನ-ದ ವರ್ಗಮೂಲವನ್ನು ಸಂಖ್ಯೆಗಳ ಸಮೂಹಕ್ಕೆ ಸೇರಿಸಿಕೊಂಡರೆ ವರ್ಗಪ್ರಕೃತಿಯ ರಾಶಿ ಎರಡು ಸರಳ ಅಪವರ್ತನಗಳಾಗಿ ಒಡೆಯುತ್ತದೆ: ಒಂದರಲ್ಲಿ ವರ್ಗಮೂಲಕ್ಕೆ ಧನ ಚಿಹ್ನೆ, ಇನ್ನೊಂದರಲ್ಲಿ ಋಣ ಚಿಹ್ನೆ. ಆಗ ಮೇಲಿನ ಎರಡು ಸಾಲಿನ ಮಾತೃಕಾ ಅಪವರ್ತನವೂ ಒಂದೊಂದು ಮನೆಯ ಎರಡು ಚಿಕ್ಕ ಅಪವರ್ತನಗಳಾಗಿ ಬೇರ್ಪಡುತ್ತದೆ. ವರ್ಗಮೂಲ ಸಿಕ್ಕುವವರೆಗೆ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ, ಸಿಕ್ಕೊಡನೆ ಹಸುಗೆ. ಮುಂದೆ ಬರುವ ಎಲ್ಲದರ ಬೀಜ ಈ ಚಿಕ್ಕ ಉದಾಹರಣೆಯಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬ್ರಹ್ಮಗುಪ್ತನಿಗಾಗಲಿ ಭಾಸ್ಕರನಿಗಾಗಲಿ ಮಾತೃಕೆಗಳ ಸಿದ್ಧಾಂತ ತಿಳಿದಿತ್ತು ಎಂದು ಹೇಳುವುದು ಇತಿಹಾಸವಲ್ಲ. ಭಾವನೆಯಿಂದ ಐಸನ್‌ಬಡ್‌ನವರೆಗೆ ಗುರುಶಿಷ್ಯ ಪರಂಪರೆಯೂ ಇಲ್ಲ, ಗ್ರಂಥಸಂಬಂಧವೂ ಇಲ್ಲ. ಇರುವುದು ಗಣಿತದ ಒಳನೆಂಟು ಮಾತ್ರ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಕಾಲದವರು ತಮ್ಮ ತಮ್ಮ ಸಲಕರಣೆಗಳಿಂದ ಎದುರಿಸಿದಾಗ ಕಾಣುವ ಹೋಲಿಕೆ. ಪ್ರಾಚೀನರಲ್ಲಿ ಎಲ್ಲವೂ ಇತ್ತೆನ್ನುವ ಉತ್ಸಾಹ ಆ ಪ್ರಾಚೀನರ ನಿಜವಾದ ಸಾಧನೆಯನ್ನೇ ಮಸುಕುಗೊಳಿಸುತ್ತದೆ.

ಈ ಒಳನೆಂಟು ಆಧುನಿಕ ಗಣಿತದಲ್ಲಿ ಹೇಗೆ ಬೆಳೆಯಿತೆಂಬುದನ್ನು ತಿಳಿಯಲು ಮುಡುಂಬೈ ಶೇಷಾಚಲು ನರಸಿಂಹನ್ ಅವರ ಬದುಕನ್ನು ಹಿಂಬಾಲಿಸುವುದು ಅನುಕೂಲ. ಅವರು 1932ರ ಜೂನ್ 7ರಂದು ತಮಿಳುನಾಡಿನ ಉತ್ತರ ಆರ್ಕಾಟ್ ಪ್ರದೇಶದ ತಂಡರೈ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಮದರಾಸಿನ ಲೊಯೊಲಾ ಕಾಲೇಜಿನಲ್ಲಿ ಫ್ರೆಂಚ್ ಪಾದ್ರಿ ರಾಸೀನ್ ಅವರ ಶಿಷ್ಯರಾಗಿ, 1953ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಅವರದೇ ವಯಸ್ಸಿನ, ಅದೇ ಕಾಲೇಜಿನ ಸಿ. ಎಸ್. ಶೇಷಾದ್ರಿಯವರೂ ಅಲ್ಲಿಗೆ ಬಂದರು. ಈ ಇಬ್ಬರು 1965ರಲ್ಲಿ ಪ್ರಕಟಿಸಿದ ಪ್ರಮೇಯ ಇಂದು ಅವರಿಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಆ ಪ್ರಮೇಯದ ವಸ್ತು ಸದಿಶ ಕಟ್ಟುಗಳು, ಗಣಿತಜ್ಞರ ರೂಢಿಯ ಮಾತಿನಲ್ಲಿ ವೆಕ್ಟರ್ ಬಂಡಲ್‌ಗಳು. ಒಂದು ಬೈಜಿಕ ವಕ್ರರೇಖೆಯ ಪ್ರತಿಯೊಂದು ಬಿಂದುವಿನ ಮೇಲೂ ಒಂದೊಂದು ಸದಿಶಾಕಾಶವನ್ನು ನಿಲ್ಲಿಸಿ, ಅವು ಬಿಂದುವಿನಿಂದ ಬಿಂದುವಿಗೆ ಹದವಾಗಿ ಹೊಂದಿಕೊಂಡು ಸಾಗುವಂತೆ ಕಟ್ಟಿದರೆ ಅದೊಂದು ಸದಿಶ ಕಟ್ಟು. ಇಂಥ ಕಟ್ಟುಗಳಲ್ಲಿ ಕೆಲವು ಸುಸ್ಥಿರ. ಅವುಗಳನ್ನು ವಕ್ರರೇಖೆಯ ಮೂಲಭೂತ ಸಮೂಹದ ಒಡೆಯಲಾಗದ ಯೂನಿಟರಿ ನಿರೂಪಣೆಗಳಿಂದ ಪಡೆಯಬಹುದೆಂದು ನರಸಿಂಹನ್ ಮತ್ತು ಶೇಷಾದ್ರಿ ತೋರಿಸಿದರು. ಸುಸ್ಥಿರವಲ್ಲದ ಕಟ್ಟುಗಳ ಗತಿಯೇನು? ಜರ್ಮನಿಯ ಗ್ಯುಂಟರ್ ಹಾರ್ಡರ್ ಅವರೊಡನೆ 1975ರಲ್ಲಿ ಬರೆದ ಲೇಖನದಲ್ಲಿ ಇದಕ್ಕೆ ಉತ್ತರವಿದೆ. ಯಾವುದೇ ಕಟ್ಟನ್ನು ಅರೆಸುಸ್ಥಿರವಾದ ಮೆಟ್ಟಿಲುಗಳಾಗಿ ಒಂದೇ ಒಂದು ರೀತಿಯಲ್ಲಿ ಒಡೆಯಬಹುದು. ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಜಾರಿನ ಅಳತೆ ಕಡಿಮೆಯಾಗುತ್ತ ಹೋಗುತ್ತದೆ. ಹೆಚ್ಚು ಇಳಿಜಾರಿನ ಮೆಟ್ಟಿಲಿನಿಂದ ಕಡಿಮೆ ಇಳಿಜಾರಿನದಕ್ಕೆ ಯಾವ ನಂಟೂ ಇರುವುದಿಲ್ಲ, ಹಿಂದಿನಿಂದ ಮುಂದಕ್ಕೆ ಮಾತ್ರ ಇರಬಹುದು. ಹಾರ್ಡರ್-ನರಸಿಂಹನ್ ಸೋಪಾನ ಎಂದು ಪ್ರಸಿದ್ಧವಾದ ಈ ಏಕಮುಖ ವಿಭಜನೆ ಮುಂದೆ ಬೀಜರೇಖಾಗಣಿತದ ದಿನಬಳಕೆಯ ಸಲಕರಣೆಯಾಯಿತು.

ನಿರ್ದಿಷ್ಟ ಬಗೆಯ ಸುಸ್ಥಿರ ಕಟ್ಟುಗಳನ್ನೆಲ್ಲ ಒಂದೊಂದು ಬಿಂದುವೆಂದು ಎಣಿಸಿದರೆ ಆ ಬಿಂದುಗಳೇ ಸೇರಿ ಒಂದು ರೇಖಾಗಣಿತೀಯ ಆಕೃತಿಯಾಗುತ್ತದೆ. ಅದಕ್ಕೆ ಮಾಡ್ಯುಲೈ ಆಕಾಶವೆಂದು ಹೆಸರು. ವಕ್ರರೇಖೆ ಒಂದು ಆಯಾಮದ್ದು. ಅದರ ಮೇಲಿನ ಎರಡು ಶ್ರೇಣಿಯ, ಬೆಸ ಪ್ರಮಾಣದ ನಿಯತ ನಿರ್ಧಾರಕವುಳ್ಳ ಕಟ್ಟುಗಳ ಮಾಡ್ಯುಲೈ ಆಕಾಶವಾದರೋ ವಕ್ರರೇಖೆಯ ಜೀನಸ್ಸನ್ನು, ಅಂದರೆ ರಂಧ್ರಸಂಖ್ಯೆಯನ್ನು, ಮೂರರಿಂದ ಗುಣಿಸಿ ಮೂರು ಕಳೆದಷ್ಟು ಆಯಾಮಗಳದು. ಇಷ್ಟು ದೊಡ್ಡ ಆಕೃತಿಯೊಳಗೆ ಅದು ಹುಟ್ಟಿದ ಆ ಚಿಕ್ಕ ವಕ್ರರೇಖೆಯ ಗುರುತು ಉಳಿದಿರುತ್ತದೆಯೇ? ಉಳಿದಿದ್ದರೆ ಅದನ್ನು ಹೊರತೆಗೆಯಬಹುದೇ? ನರಸಿಂಹನ್ ಅವರ ಐವತ್ತು ವರ್ಷಗಳ ದುಡಿಮೆಯ ಹಿಂದೆ ಈ ಪ್ರಶ್ನೆ ಮತ್ತೆಮತ್ತೆ ತಲೆಯೆತ್ತುತ್ತದೆ. ಎಸ್. ರಮಣನ್ ಅವರೊಡನೆ 1975ರಲ್ಲಿ ಅವರು ಪ್ರಕಟಿಸಿದ ಲೇಖನ, ಮಾಡ್ಯುಲೈ ಆಕಾಶವನ್ನು ಅಲುಗಿಸಲು ಇರುವ ದಾರಿಗಳೆಲ್ಲ ಮೂಲ ವಕ್ರರೇಖೆಯನ್ನು ಅಲುಗಿಸುವ ದಾರಿಗಳೇ ಎಂದು ಸ್ಥಾಪಿಸಿತು. ಗುರುತು ಉಳಿದಿದೆ ಎಂಬುದಕ್ಕೆ ಅದು ಬಲವಾದ ಸಾಕ್ಷಿ.

ಜೀನಸ್ ಎರಡಾದಾಗಿನ ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಆಗ ಮಾಡ್ಯುಲೈ ಆಕಾಶಕ್ಕೆ ಮೂರು ಆಯಾಮ. ಐದು ಆಯಾಮದ ಪ್ರಕ್ಷೇಪಾಕಾಶದಲ್ಲಿ ಎರಡು ದ್ವಿಘಾತ ಮೇಲ್ಮೈಗಳು ಪರಸ್ಪರ ಛೇದಿಸುವ ಭಾಗವೇ ಅದು ಎಂದು 1968ರಲ್ಲಿ ಇಂಗ್ಲೆಂಡಿನ ಪೀಟರ್ ನ್ಯೂಸ್ಟೆಡ್ ಮತ್ತು 1969ರಲ್ಲಿ ನರಸಿಂಹನ್-ರಮಣನ್ ತೋರಿಸಿದರು. ಆರು ಚರಾಕ್ಷರಗಳ ಎರಡು ವರ್ಗರೂಪಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸುತ್ತ ಹೋದರೆ ವರ್ಗರೂಪಗಳ ಒಂದು ಸಾಲೇ ಸಿಗುತ್ತದೆ. ಆ ಸಾಲಿನಲ್ಲಿ ಸರಿಯಾಗಿ ಆರು ಕಡೆ ವರ್ಗರೂಪ ಕುಂದುತ್ತದೆ, ಅಂದರೆ ಅದರ ನಿರ್ಧಾರಕ ಸೊನ್ನೆಯಾಗುತ್ತದೆ. ಕುಂದಿಲ್ಲದ ವರ್ಗರೂಪಕ್ಕೆ ಮೂಲಭೂತವಾದ ಮಾತೃಕಾ ಅಪವರ್ತನಗಳು ಎರಡು. ಪ್ರತಿಯೊಂದೂ ನಾಲ್ಕು ಸಾಲು, ನಾಲ್ಕು ಕಂಬಗಳ ಮಾತೃಕೆಗಳ ಜೊತೆ. ಕುಂದಿದ ಕಡೆ ಆ ಎರಡೂ ಕೂಡಿ ಒಂದಾಗುತ್ತವೆ. ಹೀಗಾಗಿ ಸಾಲಿನ ಪ್ರತಿ ಬಿಂದುವಿನ ಮೇಲೂ ಎರಡೆರಡು, ಆರು ಬಿಂದುಗಳ ಮೇಲೆ ಮಾತ್ರ ಒಂದೊಂದು ಎಂಬಂತೆ ಆ ಅಪವರ್ತನಗಳೇ ಒಂದು ಹೊಸ ವಕ್ರರೇಖೆಯಾಗಿ ನಿಲ್ಲುತ್ತವೆ. ಅದು ಬೇರಾವುದೂ ಅಲ್ಲ, ಆರಂಭದ ಜೀನಸ್ ಎರಡರ ವಕ್ರರೇಖೆಯೇ. ಭಾಸ್ಕರನ ವರ್ಗಪ್ರಕೃತಿಯಲ್ಲಿ ಎರಡು ಅಪವರ್ತನಗಳು ಬೇರ್ಪಡಲು ನ-ದ ವರ್ಗಮೂಲ ಬೇಕಾಗಿತ್ತು. ಇಲ್ಲಿ ನಿರ್ಧಾರಕದ ವರ್ಗಮೂಲ ಬೇಕು, ಆ ವರ್ಗಮೂಲ ವಾಸಿಸುವ ಸ್ಥಳವೇ ಈ ವಕ್ರರೇಖೆ.

ಈ ಸಂಗತಿಯನ್ನು ಪ್ರಮೇಯದ ಮಟ್ಟಕ್ಕೆ ಏರಿಸಲು ಪ್ರವರ್ಗಗಳ ಭಾಷೆ ಬೇಕಾಯಿತು. ಒಂದು ಆಕೃತಿಯ ಮೇಲಿನ ಎಲ್ಲ ಬೈಜಿಕ ವಸ್ತುಗಳನ್ನೂ ಅವುಗಳ ನಡುವಣ ಸಂಬಂಧಗಳನ್ನೂ ಒಟ್ಟಾಗಿ ದಾಖಲಿಸುವ ಒಂದು ಬೃಹತ್ ಕಡತವಿದೆ. ಅದನ್ನು ವ್ಯುತ್ಪನ್ನ ಪ್ರವರ್ಗ ಎನ್ನುತ್ತಾರೆ. ಅದನ್ನು ಭಾಗಗಳಾಗಿ ಒಡೆಯುವಾಗ ಪೂರ್ತಿ ಬೇರ್ಪಡಿಕೆ ಸಾಮಾನ್ಯವಾಗಿ ಸಾಧ್ಯವಾಗದು. ಸಾಧ್ಯವಾಗುವುದು ಅರೆಲಂಬ ವಿಭಜನೆ: ಭಾಗಗಳನ್ನು ಒಂದು ಕ್ರಮದಲ್ಲಿ ಇಟ್ಟಾಗ ಒಂದು ದಿಕ್ಕಿನ ಸಂಬಂಧಗಳೆಲ್ಲ ಸೊನ್ನೆ, ಇನ್ನೊಂದು ದಿಕ್ಕಿನವು ಇರಬಹುದು. ಹಾರ್ಡರ್-ನರಸಿಂಹನ್ ಸೋಪಾನದಲ್ಲಿದ್ದದ್ದೂ ಇದೇ ಬಗೆಯ ಏಕಮುಖತೆ ಎಂಬುದನ್ನು ಗಮನಿಸಬೇಕು. 1978ರಲ್ಲಿ ಮಾಸ್ಕೋದ ಅಲೆಕ್ಸಾಂಡರ್ ಬೆಯ್ಲಿನ್ಸನ್ ಪ್ರಕ್ಷೇಪಾಕಾಶದ ಪ್ರವರ್ಗವನ್ನು ಈ ರೀತಿ ಒಡೆದು ದಾರಿ ತೋರಿಸಿದನು. 1995ರಲ್ಲಿ ಅಲೆಕ್ಸೈ ಬೊಂಡಾಲ್ ಮತ್ತು ದ್ಮಿತ್ರಿ ಓರ್ಲೋವ್, ಎರಡು ದ್ವಿಘಾತ ಮೇಲ್ಮೈಗಳ ಮೇಲಿನ ಛೇದದ ಪ್ರವರ್ಗದಲ್ಲಿ ಆ ವಕ್ರರೇಖೆಯ ಪ್ರವರ್ಗವೇ ಒಂದು ಪಾಲಾಗಿ ಕುಳಿತಿದೆಯೆಂದೂ, ಉಳಿದ ಎರಡು ಪಾಲುಗಳು ಬರಿಯ ಬಿಂದುವಿನ ಪ್ರವರ್ಗದಷ್ಟು ಸರಳವೆಂದೂ ಸಾಧಿಸಿದರು. ಜೀನಸ್ ಎರಡರ ಹಸುಗೆ ಪೂರ್ಣವಾಯಿತು: ಮೂರು ಪಾಲು, ಅದರಲ್ಲಿ ಒಂದು ವಕ್ರರೇಖೆಗೆ.

ಓರ್ಲೋವ್ ಇಲ್ಲಿಗೆ ನಿಲ್ಲಲಿಲ್ಲ. ಭೌತವಿಜ್ಞಾನಿಗಳು ಲ್ಯಾಂಡೌ-ಗಿಂಜ್‌ಬರ್ಗ್ ಮಾದರಿಗಳೆಂದು ಕರೆಯುವ ವ್ಯವಸ್ಥೆಗಳಲ್ಲಿ ಮಾತೃಕಾ ಅಪವರ್ತನಗಳು ಮಹತ್ವದ ಪಾತ್ರ ವಹಿಸುತ್ತವೆಂಬ ಮ್ಯಾಕ್ಸಿಮ್ ಕೊಂಟ್ಸೆವಿಚ್ ಸೂಚನೆಯನ್ನು ಹಿಡಿದು, ಆ ಅಪವರ್ತನಗಳ ಪ್ರವರ್ಗ ಆಕೃತಿಯ ಗಂಟು-ಮೊನೆಗಳನ್ನಷ್ಟೇ ಅಳೆಯುತ್ತದೆಂದು 2004ರಲ್ಲಿ ತೋರಿಸಿದನು. ಒಂದೇ ಬಹುಪದೋಕ್ತಿಯಿಂದ ಹುಟ್ಟುವ ಆಕೃತಿಯ ವ್ಯುತ್ಪನ್ನ ಪ್ರವರ್ಗಕ್ಕೂ ಅದೇ ಬಹುಪದೋಕ್ತಿಯ ಮಾತೃಕಾ ಅಪವರ್ತನಗಳ ಪ್ರವರ್ಗಕ್ಕೂ ಇರುವ ಸಂಬಂಧವನ್ನು ತಿಳಿಸುವ ಅವನ ಪ್ರಮೇಯ 2009ರಲ್ಲಿ ಅಚ್ಚಾಯಿತು. ಬಹುಪದೋಕ್ತಿಯ ಘಾತ ಚರಾಕ್ಷರಗಳ ಸಂಖ್ಯೆಗೆ ಸಮವಾದರೆ ಎರಡೂ ಒಂದೇ. ಕಡಿಮೆಯಾದರೆ ಆಕೃತಿಯ ಪ್ರವರ್ಗ ದೊಡ್ಡದು, ಅದರಲ್ಲಿ ಅಪವರ್ತನಗಳ ಪ್ರವರ್ಗ ಒಂದು ಪಾಲು. ಹೆಚ್ಚಾದರೆ ಇದು ತಿರುಗುಮುರುಗು. ಐಸನ್‌ಬಡ್ ಕಾಲದಲ್ಲಿ ಬೀಜಗಣಿತದ ಒಂದು ಮೂಲೆಯಲ್ಲಿದ್ದ ವಸ್ತು ಹೀಗೆ ವಿಭಜನಾಶಾಸ್ತ್ರದ ನಡುಮನೆಗೆ ಬಂದಿತು.

ನರಸಿಂಹನ್ ಅವರು 1990ರ ದಶಕದಲ್ಲಿ ಇಟಲಿಯ ತ್ರಿಯೆಸ್ತೆಯಲ್ಲಿರುವ ಅಂತಾರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರದ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದು, ಅನಂತರ ಬೆಂಗಳೂರಿನಲ್ಲಿ ನೆಲೆಸಿದರು. ಟಾಟಾ ಸಂಸ್ಥೆಯ ಬೆಂಗಳೂರು ಕೇಂದ್ರದೊಡನೆಯೂ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತ ವಿಭಾಗದೊಡನೆಯೂ ಅವರ ಒಡನಾಟ ಕೊನೆಯವರೆಗೂ ನಡೆಯಿತು. 1990ರಲ್ಲಿ ಪದ್ಮಭೂಷಣ, 1996ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಅವರಿಗೆ ಸಂದಿದ್ದವು. 2006ರಲ್ಲಿ ಸೈಮನ್ ಡೊನಾಲ್ಡ್‌ಸನ್ ಅವರೊಡನೆ ಕಿಂಗ್ ಫೈಸಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಇಂಥ ಗೌರವಗಳು ಸಾಮಾನ್ಯವಾಗಿ ಒಂದು ವೃತ್ತಿಜೀವನದ ಮುಕ್ತಾಯವನ್ನು ಸೂಚಿಸುತ್ತವೆ.

ಅವರ ವಿಷಯದಲ್ಲಿ ಹಾಗಾಗಲಿಲ್ಲ. ಎಂಬತ್ತು ದಾಟಿದ ಮೇಲೆ ಅವರು ತಮ್ಮ ಯೌವನದ ಮಾಡ್ಯುಲೈ ಆಕಾಶಕ್ಕೆ ಹೊಸ ಪ್ರಶ್ನೆಯೊಂದಿಗೆ ಹಿಂತಿರುಗಿದರು. ಜೀನಸ್ ಎರಡರಲ್ಲಿ ನಡೆದದ್ದು ಎಲ್ಲ ಜೀನಸ್‌ಗಳಲ್ಲಿಯೂ ನಡೆಯುತ್ತದೆಯೇ? ಎರಡು ದ್ವಿಘಾತ ಮೇಲ್ಮೈಗಳ ನೆರವು ಅಲ್ಲಿ ಇಲ್ಲ. ಸಾಮಾನ್ಯ ವಕ್ರರೇಖೆಗೆ ವರ್ಗರೂಪಗಳ ಸಾಲೂ ಇಲ್ಲ, ಮಾತೃಕೆಗಳ ಆಸರೆಯೂ ಇಲ್ಲ. ವಕ್ರರೇಖೆ ಮತ್ತು ಮಾಡ್ಯುಲೈ ಆಕಾಶ ಇವೆರಡರ ಗುಣಾಕಾರದ ಮೇಲೆ ಸಹಜವಾಗಿಯೇ ನಿಂತಿರುವ ಪ್ವಾಂಕಾರೆ ಕಟ್ಟನ್ನು ಸೇತುವೆಯಾಗಿ ಬಳಸಿ, ಜೀನಸ್ ನಾಲ್ಕು ಅಥವಾ ಹೆಚ್ಚಿನ ಪ್ರತಿಯೊಂದು ವಕ್ರರೇಖೆಯ ವ್ಯುತ್ಪನ್ನ ಪ್ರವರ್ಗವೂ ತನ್ನ ಮಾಡ್ಯುಲೈ ಆಕಾಶದ ಪ್ರವರ್ಗದೊಳಗೆ ಯಾವ ಊನವೂ ಇಲ್ಲದೆ ಅಡಕವಾಗಿದೆ ಎಂದು ಅವರು 2017ರಲ್ಲಿ ಪ್ರಕಟವಾದ ಲೇಖನದಲ್ಲಿ ಸಾಧಿಸಿದರು. ಅದೇ ಸುಮಾರಿನಲ್ಲಿ ರಷ್ಯದ ಆಂಟನ್ ಫೊನಾರೆವ್ ಮತ್ತು ಅಲೆಕ್ಸಾಂಡರ್ ಕುಜ್ನೆತ್ಸೊವ್ ಹೈಪರ್‌ಎಲಿಪ್ಟಿಕ್ ವಕ್ರರೇಖೆಗಳಿಗೂ ಅವುಗಳಿಂದ ಸಾಮಾನ್ಯ ವಕ್ರರೇಖೆಗಳಿಗೂ ಬೇರೆ ದಾರಿಯಲ್ಲಿ ಈ ಫಲಿತಾಂಶವನ್ನು ತಲುಪಿದ್ದರು. ಅವರ ದಾರಿಯಲ್ಲಿ ವರ್ಗರೂಪಗಳ ಸಾಲು ಮತ್ತೆ ಕಾಣಿಸಿಕೊಳ್ಳುತ್ತದೆ. ಉಳಿದಿದ್ದದ್ದು ಜೀನಸ್ ಮೂರರ ಹೈಪರ್‌ಎಲಿಪ್ಟಿಕ್ ಅಲ್ಲದ ವಕ್ರರೇಖೆಗಳು. ಅವನ್ನೂ ನರಸಿಂಹನ್ 2018ರ ಎರಡನೆಯ ಲೇಖನದಲ್ಲಿ ಪೂರೈಸಿದರು. ಈ ಎಲ್ಲವನ್ನೂ ಸೇರಿಸಿದಾಗ ಜೀನಸ್ ಎರಡರಿಂದ ಮೇಲಕ್ಕೆ ಒಂದು ವಕ್ರರೇಖೆಯೂ ಹೊರಗುಳಿಯಲಿಲ್ಲ. ಮಾಡ್ಯುಲೈ ಆಕಾಶ ತನ್ನ ಮೂಲವನ್ನು ನೆನಪಿಟ್ಟಿದೆ ಎಂದು 1975ರಲ್ಲಿ ತೋರಿಸಿದ್ದವರೇ, ಆ ನೆನಪು ಒಂದು ಪೂರ್ಣ ಪಾಲಿನಷ್ಟು ಎಂಬುದನ್ನು ನಾಲ್ಕು ದಶಕಗಳ ಅನಂತರ ಸಿದ್ಧಪಡಿಸಿದರು. ಜೀನಸ್ ಒಂದು ಅಥವಾ ಹೆಚ್ಚಿನ ವಕ್ರರೇಖೆಯ ಪ್ರವರ್ಗವನ್ನು ಮತ್ತೆ ಒಡೆಯಲಾಗದೆಂದು ಶಿನ್ನೊಸುಕೆ ಒಕಾವಾ 2011ರಲ್ಲಿ ತೋರಿಸಿದ್ದರಿಂದ ಆ ಪಾಲು ಅಂತಿಮ ಪಾಲೂ ಹೌದು.

ಒಂದು ಪಾಲು ಗೊತ್ತಾದ ಮೇಲೆ ಉಳಿದವರ ಪಾಲೇನೆಂಬ ಪ್ರಶ್ನೆ ಏಳುವುದು ಸಹಜ. ಪೀಟರ್ ಬೆಲ್ಮನ್ಸ್, ಸೆರ್ಗೈ ಗಾಲ್ಕಿನ್ ಮತ್ತು ಸ್ವರ್ಣವ ಮುಖೋಪಾಧ್ಯಾಯ ಇವರು ಮೂವರೂ, ಅವರಿಂದ ಸ್ವತಂತ್ರವಾಗಿ ನರಸಿಂಹನ್ ಅವರೂ, ಒಂದೇ ಊಹೆಯನ್ನು ಮಂಡಿಸಿದರು. ವಕ್ರರೇಖೆಯ ಮೇಲೆ ಕ್ರಮವನ್ನೆಣಿಸದೆ ಒಂದು, ಎರಡು, ಮೂರು ಬಿಂದುಗಳನ್ನು ಆರಿಸುವ ಸಾಧ್ಯತೆಗಳಿಂದ ಆಗುವ ಆಕೃತಿಗಳಿಗೆ ಸಮಮಿತ ಘಾತಗಳೆಂದು ಹೆಸರು. ಸೊನ್ನೆಯನೆಯ ಘಾತ ಬರಿಯ ಒಂದು ಬಿಂದು, ಮೊದಲನೆಯದು ವಕ್ರರೇಖೆಯೇ. ಮಾಡ್ಯುಲೈ ಆಕಾಶದ ಪ್ರವರ್ಗದಲ್ಲಿ ಸೊನ್ನೆಯಿಂದ ಜೀನಸ್‌ಗೆ ಎರಡು ಕಡಿಮೆಯಾದ ಘಾತದವರೆಗೆ ಪ್ರತಿಯೊಂದಕ್ಕೂ ಎರಡೆರಡು ಪಾಲು, ಜೀನಸ್‌ಗೆ ಒಂದು ಕಡಿಮೆಯಾದ ಘಾತಕ್ಕೆ ಒಂದೇ ಪಾಲು: ಇದು ಊಹೆ. ಜೀನಸ್ ಎರಡಕ್ಕೆ ಅನ್ವಯಿಸಿದರೆ ಬಿಂದುವಿಗೆ ಎರಡು, ವಕ್ರರೇಖೆಗೆ ಒಂದು, ಬೊಂಡಾಲ್-ಓರ್ಲೋವ್ ಹಸುಗೆಯೇ. ಜೀನಸ್ ಮೂರಕ್ಕಾದರೆ ಬಿಂದುವಿಗೆ ಎರಡು, ವಕ್ರರೇಖೆಗೆ ಎರಡು, ಎರಡನೆಯ ಸಮಮಿತ ಘಾತಕ್ಕೆ ಒಂದು, ಒಟ್ಟು ಐದು. ನಾಲ್ವರ ಹೆಸರಿನ ಮೊದಲಕ್ಷರಗಳಿಂದ ಇದು ಬಿಜಿಎಮ್‌ಎನ್ ಊಹೆ ಎಂದು ಪ್ರಸಿದ್ಧವಾಯಿತು.

ಕ್ಯುಂಗ್-ಸೊಗ್ ಲೀ ಅವರೊಡನೆ ಸೇರಿ ನರಸಿಂಹನ್ ಮುಂದಿನ ಮೆಟ್ಟಿಲನ್ನು ಹತ್ತಿದರು. ವಕ್ರರೇಖೆ ಹೈಪರ್‌ಎಲಿಪ್ಟಿಕ್ ಅಲ್ಲದೆ ಅದರ ಜೀನಸ್ ಹದಿನಾರು ಅಥವಾ ಹೆಚ್ಚಾಗಿದ್ದರೆ ಎರಡನೆಯ ಸಮಮಿತ ಘಾತದ ಪ್ರವರ್ಗವೂ ಮಾಡ್ಯುಲೈ ಆಕಾಶದೊಳಗೆ ಅಡಕವಾಗಿದೆ ಎಂಬುದು ಅವರ ಫಲಿತಾಂಶ. ಈ ಲೇಖನ 2021ರಲ್ಲಿ ಹೊರಬಂದಿತು. ಅದೇ ವರ್ಷ ಮೇ 15ರಂದು ನರಸಿಂಹನ್ ಬೆಂಗಳೂರಿನಲ್ಲಿ ತೀರಿಕೊಂಡರು. ಶೇಷಾದ್ರಿಯವರು ಹಿಂದಿನ ವರ್ಷದ ಜುಲೈ 17ರಂದೇ ಅಗಲಿದ್ದರು.

2021ರ ಉತ್ತರಾರ್ಧದಲ್ಲಿಯೇ ಜೆನ್ಯಾ ತೆವೆಲೆವ್ ಮತ್ತು ಸೆಬಾಸ್ಟಿಯನ್ ಟೊರೆಸ್, ಮೈಕೆಲ್ ಥ್ಯಾಡಿಯಸ್ 1994ರಲ್ಲಿ ರೂಪಿಸಿದ್ದ ಸುಸ್ಥಿರ ಜೋಡಿಗಳ ವಿಧಾನವನ್ನು ಬಳಸಿ, ಊಹೆಯಲ್ಲಿ ಹೇಳಿದ ಪಾಲುಗಳೆಲ್ಲವೂ ನಿಜವಾಗಿ ಇವೆಯೆಂದೂ ಅವು ಅರೆಲಂಬ ಕ್ರಮದಲ್ಲಿಯೇ ನಿಂತಿವೆಯೆಂದೂ ಸಾಧಿಸಿದರು. ಇದರಿಂದ ಹಸುಗೆ ಮುಗಿಯಿತೆನ್ನುವಂತಿರಲಿಲ್ಲ. ಪಾಲುಗಳನ್ನೆಲ್ಲ ತೆಗೆದ ಮೇಲೆ ಏನೂ ಉಳಿಯುವುದಿಲ್ಲವೆಂದು ಯಾರು ಬಲ್ಲರು? ಲೆಕ್ಕಕ್ಕೆ ಸಿಗುವ ಎಲ್ಲ ಸಂಖ್ಯೆಗಳೂ ತಾಳೆಯಾಗಿದ್ದವು. ಆದರೆ ವ್ಯುತ್ಪನ್ನ ಪ್ರವರ್ಗಗಳಲ್ಲಿ ಯಾವ ಎಣಿಕೆಗೂ ಕಾಣಿಸದ, ಆದರೂ ಸೊನ್ನೆಯಲ್ಲದ ಉಳಿಕೆಗಳು ಇರಬಲ್ಲವೆಂದು ಸೆರ್ಗೈ ಗೊರ್ಚಿನ್ಸ್‌ಕಿ ಮತ್ತು ಓರ್ಲೋವ್ 2013ರಲ್ಲಿ ತೋರಿಸಿದ್ದರು. ಅವುಗಳನ್ನು ಗಣಿತಜ್ಞರು ಫ್ಯಾಂಟಮ್, ಅಂದರೆ ಪಿಶಾಚಿ, ಎಂದೇ ಕರೆಯುತ್ತಾರೆ. ಅಲ್ಲದೆ ಒಂದೇ ಪ್ರವರ್ಗವನ್ನು ಎರಡು ರೀತಿಯಲ್ಲಿ ಒಡೆದಾಗ ಪಾಲುಗಳು ಹೊಂದಿಕೆಯಾಗಲೇಬೇಕೆಂಬ ನಿಯಮವೂ ಇಲ್ಲವೆಂಬುದು ಅದೇ ದಶಕದಲ್ಲಿ ಖಚಿತವಾಗಿತ್ತು. ಮಹಾವೀರನ ಭಿನ್ನರಾಶಿಗಳಲ್ಲಿ ಹದಿನೆಂಟನೆಯ ಒಂದು ಪಾಲನ್ನು ಸೇರಿಸಿದಾಗ ಪೂರ್ಣ ತುಂಬಿತೆಂಬುದನ್ನು ಕೂಡಿ ನೋಡಿಯೇ ತಿಳಿಯಬಹುದಿತ್ತು. ಇಲ್ಲಿ ಕೂಡಿ ನೋಡುವುದು ಸಾಕಾಗದು. ಏನೂ ಉಳಿದಿಲ್ಲವೆಂಬುದನ್ನು ಬೇರೆಯಾಗಿಯೇ ಸಾಧಿಸಬೇಕು.

ಆ ಕೊನೆಯ ಕೆಲಸವನ್ನು ತೆವೆಲೆವ್ 2023ರಲ್ಲಿ ಪೂರೈಸಿದನು. ಹೆಣೆಗೆಗಳ ಮೂಲಕ ಪಾಲುಗಳನ್ನು ಒಂದರ ಮೇಲೊಂದು ಹಾಯಿಸುತ್ತ, ಯಾವ ಪಿಶಾಚಿಯೂ ಉಳಿದಿಲ್ಲವೆಂದು ಅವನು ತೋರಿಸಿದ ಲೇಖನದ ಶೀರ್ಷಿಕೆಯೇ ಹೆಣೆಗೆ ಮತ್ತು ಪಿಶಾಚಿ ಎಂಬ ಅರ್ಥದ್ದು. ಶ್ರೇಣಿ ಎರಡರ ಕಟ್ಟುಗಳ ಮಟ್ಟಿಗೆ ಪಾಲುಪಟ್ಟಿ ಹೀಗೆ ಪೂರ್ಣಗೊಂಡಿತು. ಶ್ರೇಣಿ ಮೂರು ಮತ್ತು ಅದಕ್ಕೂ ಮೇಲಿನ ಕಟ್ಟುಗಳ ಮಾಡ್ಯುಲೈ ಆಕಾಶಗಳಲ್ಲಿ ಯಾರಿಗೆ ಎಷ್ಟು ಪಾಲೆಂಬ ಲೆಕ್ಕ ಬೇರೆಯೇ. ಅಲ್ಲಿ ಸಮಮಿತ ಘಾತಗಳಷ್ಟೇ ಸಾಲವು, ಹಸುಗೆಯ ಕ್ರಮವೂ ಇಷ್ಟು ಸರಳವಾಗಿಲ್ಲ.